ಹಿಂಬಾಗಿಲಿದ್ದ ಕಡೆ ಗೋಡೆ

ಮೂರನೇ ಮಹಡಿಯ ನಮ್ಮ ಕೋಣೆಯಿಂದ,
ಸೋಮವಾರ, ತಾರೀಖು ಹದಿನೇಳು

ಪ್ರೀತಿಯ ಅಪ್ಪಾ,

ನನ್ನ ಹೆಸರು ಪೇಪರಿನಲ್ಲಿ ಬಂತು, ಮದುವೆಯಾದ ಮೇಲಿನ ಹೊಸ ಹೆಸರು, ಇನಿಶಿಯಲ್ ಸಮೇತ, ಐದು ಹೆಸರುಗಳಲ್ಲಿ ಎಲ್ಲಕ್ಕಿಂತ ಮೇಲೆ! ಕಾಗದವನ್ನು ಹೀಗೇ ಶುರು ಮಾಡಬೇಕೆಂದು ಕಳೆದ ಬುಧವಾರ ಪೇಪರ್ ಕೈಗೆ ಬಂದ ಕ್ಷಣವೇ ತೀರ್ಮಾನ ಮಾಡಿದ್ದೆ. ಇವತ್ತು ಸೋಮವಾರ. ಈ ಐದು ದಿನಗಳಲ್ಲಿ ಆ ಸಂತೋಷಕ್ಕೆ ಏನೇನೋ ಆಗಿಹೋಗಿದೆ. ಆದರೂ ನಿಮಗೆಂದು ಎತ್ತಿಟ್ಟಿದ್ದ ಸಾಲನ್ನು ನಿಮಗೆ ಕೊಡದಿರಲು ಮನಸ್ಸು ಬರಲಿಲ್ಲ.

ಮೊದಲು ನಿಮ್ಮ ವಿಷಯ ಹೇಳಿ. ಮಂಡಿ ಹೇಗಿದೆ? ಏಣಿ ಹತ್ತಿ ಮೇಲಿನ ಕಪಾಟಿನ ಡಬ್ಬ ತೆಗೆಯುವುದನ್ನು ಬಿಟ್ಟಿದ್ದೀರಾ, ಇಲ್ಲ ಚಿಕ್ಕಮ್ಮನ ಮುಂದೆ ಮಾತ್ರ ಬಿಟ್ಟಂತೆ ಮಾಡುತ್ತೀರಾ? ಊರಿಗೆಲ್ಲ ಮಾತ್ರೆ ಕೊಡುವ ಅಂಗಡಿ ಇಟ್ಟುಕೊಂಡು ತಮ್ಮ ಬಿ.ಪಿ. ಮಾತ್ರೆಯನ್ನು ಮರೆಯುವವರು ಪ್ರಪಂಚದಲ್ಲಿ ನೀವೊಬ್ಬರೇ ಇರಬೇಕು. ಚಿಕ್ಕಮ್ಮ ಫೋನ್ ಮಾಡಿದ್ದರು. ನೀವು ಆ ಪೇಪರಿನ ತುಂಡನ್ನು ಕೌಂಟರಿನ ಗಾಜಿನ ಕೆಳಗೆ ಇಟ್ಟು, ಕೆಮ್ಮಿನ ಔಷಧಕ್ಕೆ ಬಂದವರಿಗೂ ಮೊದಲು ಅದನ್ನು ಓದಿಸಿ ಆಮೇಲೆ ಬಾಟಲಿ ಕೊಡುತ್ತಿದ್ದೀರಂತೆ. ಒಬ್ಬರು ಓದಿ ಮುಗಿಸುವಷ್ಟರಲ್ಲಿ ಕೆಮ್ಮು ತಾನಾಗಿ ನಿಂತಿತಂತೆ. ನಾನು ಫೋನಿನಲ್ಲಿ ತುಂಬ ನಕ್ಕೆ. ಅಪ್ಪಾ, ಆ ನಗು ಸುಳ್ಳು. ಇಲ್ಲಿ ಕೋಣೆಗೂ ಅಡುಗೆಮನೆಗೂ ನಡುವೆ ಇರುವುದು ಒಂದು ಹಲಗೆ, ಫೋನಿನಲ್ಲಿ ಆಡಿದ್ದೆಲ್ಲ ಆಚೆ ಕೇಳಿಸುತ್ತದೆ. ಅದಕ್ಕೇ ಕಾಗದ. ನನ್ನ ಇಂಗ್ಲಿಷ್ ಮೀಡಿಯಂ ಕನ್ನಡದಲ್ಲಿ ತಪ್ಪು ಎಷ್ಟಿದೆ ಎಂದು ಎಣಿಸದೆ ಕೊನೆಯವರೆಗೆ ಓದಿ.

ಹತ್ತು ವರ್ಷದಿಂದ ನೀವು ಮಾವನವರ ಪತ್ರಗಳನ್ನು ಪೇಪರಿನಲ್ಲಿ ಓದುತ್ತಾ ಬಂದವರು. ಎಲ್ಲಿ ಏನು ಅನ್ಯಾಯವಾದರೂ ವಾಚಕರ ಅಂಕಣದಲ್ಲಿ ಅವರ ಮನೆಮಂದಿಯ ಸಹಿ ಇರುತ್ತಿತ್ತು. ನೀವು ಮೆಚ್ಚಿ ಕಾರ್ಡ್ ಬರೆದಿರಿ, ಅವರು ಉತ್ತರ ಬರೆದರು, ಕಾರ್ಡಿನಿಂದ ಕಾರ್ಡಿಗೆ ಸ್ನೇಹವಾಗಿ ಕೊನೆಗೆ ನನ್ನ ಮದುವೆಯವರೆಗೆ ಬಂತು. ಹುಡುಗನ ಸಂಬಳ ಕೇಳಿದವರಿಗೆಲ್ಲ ನೀವು ಹೇಳಿದ್ದು ಒಂದೇ ಮಾತು: "ಬೇರೆಯವರ ಕಷ್ಟಕ್ಕೆ ಸಿಟ್ಟು ಬರೋ ಮನೆ ಅದು. ಅಲ್ಲಿ ನನ್ನ ಮಗಳಿಗೆ ಭಯ ಇಲ್ಲ." ನಾನೂ ಅದನ್ನೇ ನಂಬಿಕೊಂಡು ಕುಣಿಯುತ್ತಾ ಬಂದೆ. ಬಂದು ನೋಡಿದರೆ ನೀವು ಹೇಳಿದ್ದಕ್ಕಿಂತ ಹತ್ತು ಪಟ್ಟು ಚೆನ್ನಾಗಿತ್ತು.

ಇಲ್ಲಿ ಭಾನುವಾರ ಬೆಳಗ್ಗೆ ಯಾರೂ ಹೊರಗೆ ಹೋಗುವ ಹಾಗಿಲ್ಲ. ಊಟದ ಮೇಜಿನ ಮೇಲೆ ವಾರದ ಪೇಪರುಗಳೆಲ್ಲ ಹರಡಿಕೊಂಡಿರುತ್ತವೆ. ಮಾವ ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದಿದವರಲ್ಲವೇ, ಕೆಂಪು ಪೆನ್ಸಿಲ್ ಕಿವಿಯ ಮೇಲೇ ಇರುತ್ತದೆ. ಒಬ್ಬೊಬ್ಬರೂ ತಮ್ಮ ಹೊಟ್ಟೆ ಉರಿಸಿದ ಒಂದೊಂದು ಸುದ್ದಿಯನ್ನು ಓದಬೇಕು. ಒಂದೇ ಹಾಸಿಗೆಯಲ್ಲಿ ಇಬ್ಬರು ಬಾಣಂತಿಯರನ್ನು ಮಲಗಿಸಿದ ಆಸ್ಪತ್ರೆ, ಮುದುಕರು ಕೈ ತೋರಿಸಿದರೆ ನಿಲ್ಲಿಸದ ಬಸ್ಸು, ಫೀಸು ಕಟ್ಟಿಲ್ಲವೆಂದು ಹುಡುಗಿಯನ್ನು ಪರೀಕ್ಷೆಯ ಮಧ್ಯೆ ಎಬ್ಬಿಸಿ ಕಳಿಸಿದ ಶಾಲೆ. ಎಲ್ಲರೂ ಬಯ್ಯುತ್ತೇವೆ, ನನ್ನ ನಾದಿನಿ ಮೇಜು ಗುದ್ದುತ್ತಾಳೆ, ಲೋಟ ಉರುಳುತ್ತದೆ. ಆಮೇಲೆ ಕೈ ಎತ್ತಿ ಒಂದನ್ನು ಆರಿಸಬೇಕು. ವಾರಕ್ಕೊಂದೇ ಸಿಟ್ಟು ಎಂಬುದು ಅತ್ತೆಯವರು ಮಾಡಿದ ನಿಯಮ. ಎಲ್ಲದಕ್ಕೂ ಸಿಟ್ಟಾಗುತ್ತಾ ಕೂತರೆ ಯಾವುದಕ್ಕೂ ಪತ್ರ ಹೋಗುವುದಿಲ್ಲ, ಅಡುಗೆಯೂ ಆರಿಹೋಗುತ್ತದೆ ಅನ್ನುತ್ತಾರೆ. ಆರಿಸಿದ ಮೇಲೆ ಒಂದು ಬಿಳಿ ಹಾಳೆ ಮೇಜಿನ ಸುತ್ತ ಹೋಗುತ್ತದೆ. ಅದರ ಕೆಳತುದಿಯಲ್ಲಿ ಐದೂ ಜನ ಸಹಿ ಹಾಕುತ್ತೇವೆ. ಮಾವ ಸೋಮವಾರ ಟೈಪ್‌ರೈಟರಿಗೆ ಅದೇ ಹಾಳೆ ಸಿಕ್ಕಿಸಿ ಮೇಲಿನ ಜಾಗದಲ್ಲಿ ಪತ್ರ ಕುಟ್ಟುತ್ತಾರೆ. ಬರೆದ ಮೇಲೆ ಸಹಿ ಕೇಳಿದರೆ ಪ್ರತಿಯೊಬ್ಬರೂ ಒಂದೊಂದು ಪದ ಬದಲಿಸು ಅನ್ನುತ್ತಾರಂತೆ, ಪ್ರೂಫ್ ತಿದ್ದಿದವರಿಗೆ ತಮ್ಮ ವಾಕ್ಯವನ್ನು ಬೇರೆಯವರು ತಿದ್ದಿದರೆ ಆಗುವುದಿಲ್ಲವಂತೆ. ನನಗೆ ಅದೆಲ್ಲ ಎಷ್ಟು ಮುದ್ದಾಗಿ ಕಂಡಿತ್ತು ಗೊತ್ತಾ? ನನ್ನನ್ನು ಕೇಳದೆಯೇ ನನ್ನನ್ನು ಒಳಗೆ ಸೇರಿಸಿಕೊಂಡರು ಅಂತ ಅನಿಸಿತ್ತು. ಹೊಸ ಹೆಸರಿನಲ್ಲಿ ಸಹಿ ಮಾಡುವುದನ್ನು ನಾನು ಅಭ್ಯಾಸ ಮಾಡಿದ್ದೇ ಆ ಹಾಳೆಗಳ ಮೇಲೆ.

ಎರಡನೇ ತಾರೀಖಿನ ಭಾನುವಾರ ಕೈ ಎತ್ತಿ ಆರಿಸುವ ಪ್ರಶ್ನೆಯೇ ಬರಲಿಲ್ಲ. ಬೇರೊಂದು ಊರಿನ ಹಾಸ್ಟೆಲಿನಲ್ಲಿ ಬೆಂಕಿ ಬಿದ್ದು ಒಂಬತ್ತು ಹುಡುಗಿಯರು ಹೋದ ಸುದ್ದಿ ಅದು. ಹಿಂಬಾಗಿಲಿಗೆ ಬೀಗ ಹಾಕಿದ್ದರಂತೆ. ಮಾವ ಓದುತ್ತಿದ್ದವರು ಅರ್ಧಕ್ಕೆ ನಿಲ್ಲಿಸಿ ಕನ್ನಡಕ ಒರೆಸಿಕೊಂಡರು. ನಾದಿನಿ ಅವತ್ತು ಊಟ ಮಾಡಲಿಲ್ಲ. ಇವರು ನನ್ನ ಕೈ ಹಿಡಿದುಕೊಂಡೇ ಕೂತಿದ್ದರು. ಆಗ ಅತ್ತೆ ಮೆಲ್ಲಗೆ, ನಮ್ಮ ಹಿಂಬಾಗಿಲಿಗೂ ಎರಡು ವರ್ಷದಿಂದ ಬೀಗವಿದೆಯಲ್ಲ, ಅಂದರು. ನಿಜ. ಈ ಕಟ್ಟಡಕ್ಕೆ ಮೆಟ್ಟಿಲು ಒಂದೇ. ಕೆಳಗೆ ಹಿಂದುಗಡೆ ಒಂದು ಬಾಗಿಲಿದೆ, ಅದರ ಆಚೆ ಕಟ್ಟಡದ ಮಾಲೀಕ ತನ್ನ ಪೇಂಟ್ ಅಂಗಡಿಯ ಡಬ್ಬಗಳನ್ನು ಪೇರಿಸಿ ಬೀಗ ಹಾಕಿಕೊಂಡಿದ್ದಾನೆ. ಪೇಂಟು, ತಿನ್ನರು, ಎಲ್ಲ ಬೆಂಕಿಗೆ ಹಸಿದು ಕೂತಂಥ ಸಾಮಾನು. ಈ ವಾರದ ಪತ್ರ ನಮ್ಮ ಬಾಗಿಲಿನ ಬಗ್ಗೆಯೇ ಎಂದು ಮಾವ ಹೇಳಿದರು, ಅಗ್ನಿಶಾಮಕ ಕಚೇರಿಗೂ ಒಂದು ಪ್ರತಿ ಹೋಗಲಿ ಅಂದರು. ಹಾಳೆ ಬಂತು. ಈ ಸಲ ಮೊದಲು ಸೊಸೆ ಹಾಕಲಿ ಎಂದು ಅದನ್ನು ನನ್ನ ಕಡೆ ಸರಿಸಿದರು. ನನ್ನ ಎದೆ ಎರಡು ಇಂಚು ಉಬ್ಬಿತು.

ಇಲ್ಲಿ ನಿಮಗೆ ಹೊಲಿಗೆಯಮ್ಮನ ಬಗ್ಗೆ ಹೇಳಬೇಕು. ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಹನ್ನೊಂದು ವರ್ಷದಿಂದ ಮಿಷನ್ ಇಟ್ಟುಕೊಂಡು ಕೂತಿರುವವರು. ಜಾಗ ಎಷ್ಟೆಂದರೆ ಅವರು ಎದ್ದು ನಿಂತರೆ ತಲೆ ಮೆಟ್ಟಿಲಿಗೆ ತಾಗುತ್ತದೆ, ಅದಕ್ಕೆ ಏಳುವುದೇ ಕಡಿಮೆ. ಹರಿದ ಜೇಬು, ಕಿತ್ತ ಜಿಪ್ಪು, ಉದ್ದವಾದ ಪ್ಯಾಂಟು, ಎಲ್ಲ ಅವರಿಗೇ. ನಾಲ್ಕೂ ಮಹಡಿಯವರ ಬೀಗದ ಕೈ ಅವರ ದಾರದ ಡಬ್ಬದಲ್ಲಿರುತ್ತದೆ, ಪಾರ್ಸೆಲ್ ಬಂದರೆ ಅವರೇ ಇಸಿದುಕೊಳ್ಳುವುದು. ನಮ್ಮ ಕೋಣೆಯ ಪರದೆ ಹೊಲಿದುಕೊಟ್ಟದ್ದು ಅವರೇ. ನಾನು ಕಿಟಕಿಯ ಅಳತೆ ತಪ್ಪು ಕೊಟ್ಟಿದ್ದೆ. ಪರದೆ ಗೇಣುದ್ದ ಮೇಲೆ ನಿಂತಿದ್ದನ್ನು ನೋಡಿ, "ಪರವಾಗಿಲ್ಲ ಬಿಡಮ್ಮ, ಮಳೆ ಬಂದ್ರೆ ಒದ್ದೆಯಾಗಲ್ಲ" ಅಂದು, ಕೆಳಗೆ ಬೇರೆ ಬಣ್ಣದ ಅಂಚು ಕೂಡಿಸಿಕೊಟ್ಟರು. ಅದನ್ನು ನೋಡಿದವರೆಲ್ಲ ಡಿಸೈನು ಅಂದುಕೊಂಡಿದ್ದಾರೆ. ನನಗೆ ಇಲ್ಲಿ ಮನೆಯ ಹೊರಗೆ ಸಿಕ್ಕ ಮೊದಲ ಸ್ನೇಹ ಅದು.

ಸೋಮವಾರ ಇವರು ಆಫೀಸಿನಿಂದ ಬೇಗ ಬಂದು, ಪತ್ರದ ಜೊತೆ ಒಂದು ನಕ್ಷೆಯೂ ಹೋಗಲಿ, ಅಳತೆ ತೆಗೆಯೋಣ ಬಾ ಅಂದರು. ನಿಮ್ಮ ಅಳಿಯ ನಕ್ಷೆ ಬರೆಯುವುದರಲ್ಲಿ ಎಂಥ ಕಟ್ಟುನಿಟ್ಟು ಎಂದು ನಿಮಗೆ ಗೊತ್ತಲ್ಲ, ಗೆರೆ ಕೂದಲೆಳೆಯಷ್ಟು ಆಚೀಚೆಯಾದರೂ ಹಾಳೆ ಹರಿದು ಹೊಸದಾಗಿ ಬರೆಯುವವರು. ನಾನು ಟೇಪಿನ ತುದಿ ಹಿಡಿದೆ. ಮೆಟ್ಟಿಲಿನ ಅಗಲ, ಹಿಂಬಾಗಿಲಿನ ಅಗಲ, ಕೊನೆಗೆ ಮಿಷನ್ ಇರುವ ಮೂಲೆ. ಆ ಮೂಲೆ ಯಾತಕ್ಕೆ ಎಂದು ನಾನು ಕೇಳಲೂ ಇಲ್ಲ. ಹೊಲಿಗೆಯಮ್ಮ ಪೆಡಲಿನ ಮೇಲಿನ ಕಾಲೆತ್ತಿ ಟೇಪಿಗೆ ದಾರಿ ಬಿಟ್ಟು, ನನ್ನ ಸೊಂಟದ ಅಳತೆಯನ್ನೂ ತಗೊಂಡುಬಿಡಪ್ಪಾ, ಹೋದ ವರ್ಷಕ್ಕಿಂತ ಜಾಸ್ತಿಯಾಗಿದೆ ಎಂದು ತಮಾಷೆ ಮಾಡಿದರು. ಇವರು ನಗಲಿಲ್ಲ. ಲೆಕ್ಕದ ಗಮನದಲ್ಲಿದ್ದಾರೆ ಅಂದುಕೊಂಡೆ.

ಅದರ ಮುಂದಿನ ವಾರ, ಹನ್ನೆರಡರ ಬುಧವಾರ, ಪೇಪರ್ ಬಂತು. ಅಪ್ಪಾ, ನಾನು ಓದಲಿಲ್ಲ. ಹೆಸರು ನೋಡಿದೆ, ಅಷ್ಟೇ. ಕಾಲಿಗೆ ಚಪ್ಪಲಿಯಿಲ್ಲದೆ ಮೂರು ಮಹಡಿ ಇಳಿದು ಹೋಗಿ ಹೊಲಿಗೆಯಮ್ಮನ ಮುಂದೆ ಪೇಪರ್ ಹಿಡಿದೆ. ಅವರು ಕನ್ನಡಕ ಬೇರೆ ಕೆಲಸದಲ್ಲಿದೆ ಅಂದರು, ಅಂದರೆ ಸೂಜಿಗೆ ದಾರ ಪೋಣಿಸುವ ಕನ್ನಡಕ, ಅದರಲ್ಲಿ ಅಕ್ಷರ ಕಾಣುವುದಿಲ್ಲ. ನೀನೇ ಓದಮ್ಮ ಅಂದರು. ನಾನು ಶಾಲೆಯ ವಾರ್ಷಿಕೋತ್ಸವದಲ್ಲಿ ಪದ್ಯ ಹೇಳುವವಳ ಹಾಗೆ ನೆಟ್ಟಗೆ ನಿಂತು, ದೊಡ್ಡ ದನಿಯಲ್ಲಿ ಓದಲು ಶುರು ಮಾಡಿದೆ. ಒಂಬತ್ತು ಹುಡುಗಿಯರ ಸುದ್ದಿ ಬಂತು, ಹೊಲಿಗೆಯಮ್ಮ ಅಯ್ಯೋ ಅಂದರು. ಆಮೇಲಿನ ಸಾಲು: ನಮ್ಮ ಕಟ್ಟಡದಲ್ಲೂ ಇಂಥದೇ ಅಪಾಯವಿದೆ, ಇರುವ ಒಂದೇ ಮೆಟ್ಟಿಲಿನ ಬುಡದಲ್ಲಿ ಬಟ್ಟೆಯ ರಾಶಿಯೊಂದಿಗೆ ಅನಧಿಕೃತವಾಗಿ ಒಂದು ಹೊಲಿಗೆ ಯಂತ್ರ ನಡೆಯುತ್ತಿದೆ. ನನ್ನ ಬಾಯಿ ಅಲ್ಲೇ ನಿಂತಿತು. ಕಣ್ಣು ಮುಂದಕ್ಕೆ ಓಡಿ ಬಾಗಿಲನ್ನು ಹುಡುಕಿತು. ಬಾಗಿಲಿಲ್ಲ. ಬೀಗವಿಲ್ಲ. ಪೇಂಟಿನ ಒಂದು ಡಬ್ಬವೂ ಇಲ್ಲ. ಹೊಲಿಗೆಯಮ್ಮ ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟುಕೊಂಡು, "ಪೂರ್ತಿ ಓದು" ಅಂದರು. ಓದಿದೆ. ಕೂಡಲೇ ತೆರವು ಮಾಡಿಸಬೇಕೆಂದು ಆಗ್ರಹಿಸುತ್ತೇವೆ ಎಂಬಲ್ಲಿಗೆ ಮುಗಿಯಿತು, ಕೆಳಗೆ ನನ್ನ ಹೆಸರು. ಇದು ನನ್ನದಲ್ಲ, ನಾನು ಹಾಕಿದ್ದು ಖಾಲಿ ಹಾಳೆಗೆ ಎಂದು ಏನೇನೋ ಬಡಬಡಿಸಿದೆ. ಅವರು ಬಯ್ಯಲಿಲ್ಲ. "ನಿನಗೆ ಓದೋಕೆ ಬರತ್ತಲ್ಲಮ್ಮಾ" ಅಂದರು. ಅಷ್ಟು ಹೇಳಿ ಪೆಡಲ್ ತುಳಿಯತೊಡಗಿದರು.

ಮಾವನವರನ್ನು ಕೇಳಿದೆ. ಅವರು ಮುಚ್ಚಿಡಲಿಲ್ಲ, ಅದೇ ನನಗೆ ಹೆಚ್ಚು ನೋವಾದದ್ದು. ಎರಡನೇ ತಾರೀಖಿನ ಭಾನುವಾರದ ನಮ್ಮ ಗಲಾಟೆ ತೆಳು ಗೋಡೆಗಳನ್ನು ದಾಟಿ ಮಾಲೀಕನಿಗೆ ಮುಟ್ಟಿತ್ತಂತೆ. ಸೋಮವಾರ ಬೆಳಗ್ಗೆಯೇ ಅವನು ಬಂದು, ನಿಮ್ಮ ಬಾಡಿಗೆ ಕರಾರು ಮುಂದಿನ ತಿಂಗಳು ಮುಗಿಯುತ್ತದಲ್ಲ, ಬಾಗಿಲಿನ ಸುದ್ದಿ ಪೇಪರಿಗೆ ಹೋದರೆ ಬೇರೆ ಮನೆ ನೋಡಿಕೊಳ್ಳಿ ಅಂದನಂತೆ. ಮೆಟ್ಟಿಲ ಕೆಳಗಿನ ಮೂಲೆ ಖಾಲಿಯಾದರೆ ನಿಮ್ಮ ಮಗ ಸ್ಕೂಟರ್ ಇಟ್ಟುಕೊಳ್ಳಲಿ ಅಂತಲೂ ಅಂದನಂತೆ. ಇಷ್ಟು ಹೇಳಿ ಮಾವ ಕೆಂಪು ಪೆನ್ಸಿಲಿನ ತುದಿ ನೋಡುತ್ತಾ, "ನ್ಯಾಯ ಮಾತಾಡಬೇಕಾದ್ರೆ ಮೊದಲು ಮಾತಾಡೋನಿಗೆ ಒಂದು ಸೂರು ಇರಬೇಕಮ್ಮಾ" ಅಂದರು. ಬರೆಯದೆ ಸುಮ್ಮನಿರಬಹುದಿತ್ತಲ್ಲ ಎಂದು ಕೇಳಿದೆ. ಒಂಬತ್ತು ಮಕ್ಕಳು ಸತ್ತಿರುವಾಗ ಸುಮ್ಮನಿರುವುದಕ್ಕೆ ಮನಸ್ಸು ಒಪ್ಪಲಿಲ್ಲವಂತೆ. ಆ ಮಾತನ್ನು ಅವರು ನಿಜವಾಗಿಯೂ ನಂಬಿ ಹೇಳಿದರು ಅಪ್ಪಾ, ಕಣ್ಣಲ್ಲಿ ನೀರಿತ್ತು. ನಾದಿನಿ ಮಾತ್ರ ಬಾಗಿಲ ಹತ್ತಿರ ನಿಂತು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂದು ಗೊಣಗಿದಳು. ಅತ್ತೆ ಅವಳನ್ನು ಒಳಗೆ ಕರೆದರು, ಹೋದಳು. ಆಮೇಲೆ ನನ್ನ ಹತ್ತಿರ ಬಂದು, ಬಿಡಿ ಅತ್ತಿಗೆ, ನನ್ನ ಕಾಲೇಜು ಇಲ್ಲೇ ಹತ್ತಿರ ಅಲ್ವಾ, ಅಂದಳು.

ಗುರುವಾರ ಮಾಲೀಕನ ಕಡೆಯ ಇಬ್ಬರು ಪೇಪರಿನ ತುಂಡು ಹಿಡಿದು ಬಂದು, ಮನೆಯವರೇ ಬರೆದುಕೊಟ್ಟಿದ್ದಾರಲ್ಲ ಎಂದು ತೋರಿಸಿ ಮಿಷನ್ ಎತ್ತಿ ಬೀದಿಯಲ್ಲಿಟ್ಟರು. ನಾಲ್ಕು ಮಹಡಿಯಲ್ಲೂ ಜನ ಕಿಟಕಿಗೆ ಬಂದರು, ಮೆಟ್ಟಿಲಿಗೆ ಯಾರೂ ಬರಲಿಲ್ಲ. ನಾನು ಇಳಿದು ಹೋಗಿ, ಮಿಷನ್ ನಮ್ಮ ಕೋಣೆಯಲ್ಲಿಟ್ಟುಕೊಳ್ಳುತ್ತೇನೆ, ಅಲ್ಲೇ ಬಂದು ಹೊಲಿಯಿರಿ ಅಂದೆ. ಹೊಲಿಗೆಯಮ್ಮ ನನ್ನ ಮುಖ ನೋಡದೆ, ದಾರದ ಡಬ್ಬದಿಂದ ಎಲ್ಲರ ಬೀಗದ ಕೈಗಳನ್ನು ಒಂದೊಂದಾಗಿ ಬಿಡಿಸಿ ನನ್ನ ಅಂಗೈಗೆ ಹಾಕಿದರು. ಈಗ ಎದುರಿನ ಟೈರ್ ಅಂಗಡಿಯ ಗೋಡೆಗೆ ಮಿಷನ್ ಒರಗಿಸಿಕೊಂಡು ಕೂರುತ್ತಾರೆ. ಟೈರಿನವನು ಒಂದು ವಾರಕ್ಕೆ ಹೂಂ ಅಂದಿದ್ದಾನಂತೆ. ಬಿಸಿಲು, ಧೂಳು, ಬಿಳಿ ಬಟ್ಟೆ ಕೊಡಲು ಜನ ಹಿಂದೆ ಮುಂದೆ ನೋಡುತ್ತಾರೆ. ಒಂದು ವಾರ ಕಳೆದರೆ ಎಲ್ಲಿಗೆ ಹೋಗುತ್ತಾರೋ. ಅವರ ಮೂಲೆಯಲ್ಲಿ ಈಗ ನಮ್ಮ ಸ್ಕೂಟರ್ ನಿಂತಿದೆ.

ಶನಿವಾರ ನಾನು ಯಾರಿಗೂ ಹೇಳದೆ ಅಗ್ನಿಶಾಮಕ ಕಚೇರಿಗೆ ಹೋದೆ. ನಾನೇ ಮೊದಲ ಸಹಿಯವಳು ಅಂದಾಗ ಗುಮಾಸ್ತರು ಫೈಲು ತೆಗೆದು ತೋರಿಸಿದರು. ಪತ್ರದ ಹಿಂದೆ ಇವರ ನಕ್ಷೆ. ಎಷ್ಟು ಅಚ್ಚುಕಟ್ಟು ಅಂತೀರಿ! ನಾನು ಟೇಪು ಹಿಡಿದ ಪ್ರತಿ ಅಳತೆಯೂ ಸರಿಯಾಗಿದೆ. ಹೊಲಿಗೆ ಯಂತ್ರಕ್ಕೆ ಕೆಂಪು ಬಣ್ಣ ತುಂಬಿದ್ದಾರೆ. ಹಿಂಬಾಗಿಲಿದ್ದ ಕಡೆ ಒಂದು ನೇರ ಗೆರೆ, ಗೋಡೆ. ಆ ಬಾಗಿಲಿನ ಅಗಲ ಮೂರು ಅಡಿ ಎರಡು ಇಂಚು, ನನ್ನ ಬಾಯಿಂದಲೇ ಹೇಳಿಸಿ ಇವರು ಬರೆದುಕೊಂಡಿದ್ದರು. ಮಾವ ಹೆದರಿ ಪತ್ರ ಬದಲಿಸಿದ್ದು ಹೇಗೋ ಅರ್ಥವಾದೀತು. ಆದರೆ ಇವರಿಗೆ ಸೋಮವಾರ ಬೆಳಗ್ಗೆಯೇ ಎಲ್ಲ ಗೊತ್ತಿತ್ತು, ಗೊತ್ತಿದ್ದೂ ನನ್ನನ್ನು ಕರೆದುಕೊಂಡು ಹೋಗಿ ಆ ಬಾಗಿಲನ್ನು ಅಳೆಸಿದರು. ಅಧಿಕಾರಿಯ ಮುಂದೆ ಕೂತು, ಇಲ್ಲಿ ಗೋಡೆಯಿಲ್ಲ, ಬಾಗಿಲಿದೆ, ಆಚೆ ಪೇಂಟಿದೆ ಎಂದು ಬರೆದುಕೊಟ್ಟೆ. ಒಂದೊಂದು ಸಾಲನ್ನೂ ಎರಡೆರಡು ಸಲ ಓದಿದೆ. ಮಿಷನ್ ದಾರಿಗೆ ಅಡ್ಡವಿರಲಿಲ್ಲ, ಮೂಲೆಗಿತ್ತು, ಗುರುವಾರ ಅದನ್ನು ಎತ್ತಿ ಬೀದಿಯಲ್ಲಿಟ್ಟರು ಎಂದೂ ಬರೆದೆ. ಹಾಗಿದ್ದರೆ ಅದನ್ನು ಎತ್ತಿಸಬೇಕಾಗಿರಲೇ ಇಲ್ಲ, ಆದರೆ ಎರಡು ಹೇಳಿಕೆ ಎರಡು ಥರ ಇವೆ, ಬಂದು ನೋಡಬೇಕು ಎಂದು ಅಧಿಕಾರಿ ಅಂದರು.

ಅವತ್ತು ಇವರು ಅಂಗಿಯ ತೋಳು ಮಡಚುತ್ತಾ ನಿಂತಿದ್ದಾಗ ಕೇಳಿದೆ, ನನ್ನ ಹೆಸರನ್ನು ಎಲ್ಲರಿಗಿಂತ ಮೇಲೆ ಬಿಟ್ಟದ್ದು ಯಾಕೆ ಎಂದು. ನನ್ನ ಮೇಲಿನ ಮುದ್ದಿಗೆ ಎಂದು ಹೇಳಿದ್ದರೆ ಅಪ್ಪಾ, ದೇವರಾಣೆ ನಂಬಿಬಿಡುತ್ತಿದ್ದೆ. ಸಹಿ ಹಾಕಿಸಿದಾಗ ಅದು ಬರೀ ಮುದ್ದೇ ಇತ್ತಂತೆ. ಆಮೇಲೆ ಪತ್ರ ಬದಲಾದಾಗ ಹೊಸ ಹಾಳೆ ತೆಗೆಯಲು ಮಾವ ಹೊರಟರಂತೆ, ಬೇಡ ಅಂದದ್ದು ಇವರಂತೆ. "ನೀನು ಹೊಸಬಳು. ಗೊತ್ತಾಗಲಿಲ್ಲ ಅಂದ್ರೆ ಜನ ನಂಬ್ತಾರೆ. ಅಪ್ಪನ ಹೆಸರು ಉಳಿಯತ್ತೆ." ಸುಳ್ಳು ಹೇಳಲು ಬಾರದ ಮನುಷ್ಯನನ್ನು ಹುಡುಕಿ ಕೊಟ್ಟಿರಿ ನೀವು, ಆ ಮಟ್ಟಿಗೆ ನಿಮ್ಮ ಆಯ್ಕೆ ಸರಿ.

ನಿನ್ನೆ ಮತ್ತೆ ಭಾನುವಾರ. ಪೇಪರುಗಳು ಮೇಜಿನ ಮೇಲೆ. ಎಲ್ಲೋ ಒಂದು ಕಾರ್ಖಾನೆಯಲ್ಲಿ ಹೆಂಗಸರಿಗೆ ಕೂರಲು ಸ್ಟೂಲು ಕೊಡುವುದಿಲ್ಲವಂತೆ, ಇಡೀ ದಿನ ನಿಲ್ಲಿಸುತ್ತಾರಂತೆ. ಮಾವನವರ ದನಿ ನಡುಗಿತು, ನಾದಿನಿ ಮೇಜು ಗುದ್ದಿದಳು, ಇವರು ಛೇ ಛೇ ಅಂದರು. ನನಗೂ ಸಿಟ್ಟು ಬಂತು, ಅದೇ ವಿಚಿತ್ರ, ನಿಜವಾಗಿಯೂ ಬಂತು. ಕಿಟಕಿಯಿಂದ ನೋಡಿದರೆ ಟೈರ್ ಅಂಗಡಿಯ ಗೋಡೆ ಕಾಣುತ್ತಿತ್ತು. ಹಾಳೆ ನನ್ನ ಹತ್ತಿರ ಬಂದಾಗ ನಾನು ಹಾಲಿಟ್ಟು ಬಂದಿದ್ದೇನೆ ಎಂದು ಅಡುಗೆಮನೆಗೆ ಎದ್ದು ಹೋದೆ. ಹಾಲಿಟ್ಟಿರಲಿಲ್ಲ. ಅತ್ತೆ ಹಿಂದೆಯೇ ಬಂದು, ಏನೂ ಕೇಳದೆ, ಖಾಲಿ ಒಲೆಯ ಮೇಲೆ ಪಾತ್ರೆ ಇಟ್ಟು ಹಾಲು ಸುರಿದರು.

ಬಿ.ಪಿ. ಜಾಸ್ತಿ ಮಾಡಿಕೊಳ್ಳಬೇಡಿ. ಚಿಕ್ಕಮ್ಮನಿಗೆ ನನ್ನ ನೆನಪು ಹೇಳಿ, ಇದನ್ನು ಓದಲು ಕೊಡಬೇಡಿ. ಅಂಗಡಿಯಲ್ಲಿ ಮಧ್ಯಾಹ್ನ ಒಂದು ಗಂಟೆಯಾದರೂ ಕಾಲು ಚಾಚಿ ಕೂರಿ. ನಿಮ್ಮ ಪಾದಗಳಿಗೂ, ಅದಕ್ಕಿಂತ ಹೆಚ್ಚಾಗಿ ನೋಯುವ ಆ ಎಡಮಂಡಿಗೂ ನನ್ನ ನಮಸ್ಕಾರಗಳು.

ಎಂದಿನಂತೆ ನಿಮ್ಮ
ವಟವಟ

ತಾ.ಕ.: ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ, ಅಂಚೆ ಡಬ್ಬ ತೆಗೆಯುವ ಹೊತ್ತಾಯಿತು. ಅಧಿಕಾರಿಯ ನೋಟೀಸು ಇವತ್ತು ಮನೆಗೆ ಬಂತು. ಶುಕ್ರವಾರ ಹನ್ನೊಂದಕ್ಕೆ ಬಂದು ನೋಡುತ್ತಾರಂತೆ, ಮೊದಲ ಸಹಿಯವಳು ಎಲ್ಲರೆದುರು ನಿಂತು ಯಾವುದು ನಿಜ ಎಂದು ಹೇಳಬೇಕಂತೆ. ಮನೆಯಲ್ಲಿ ಯಾರೂ ಕೂಗಾಡಲಿಲ್ಲ. ಇವರು ಮಾತ್ರ ಬಹಳ ಮೆತ್ತಗೆ, "ಹೇಳೋದಾದ್ರೆ, ಆಮೇಲೆ ನೀನು ಸ್ವಲ್ಪ ದಿನ ನಿಮ್ಮ ತಂದೆ ಮನೇಲಿದ್ರೆ ಒಳ್ಳೇದು" ಅಂದರು. ಸ್ವಲ್ಪ ದಿನ ಅಂದರೆ ಎಷ್ಟು ದಿನ ಎಂದು ಕೇಳಿದೆ. ಇವರು ಸ್ಕೂಟರಿನ ಕೀ ತೆಗೆದುಕೊಂಡು ಕೆಳಗೆ ಹೋದರು. ಶುಕ್ರವಾರ ನಾನು ಹೇಳುತ್ತೇನೆ ಅಪ್ಪಾ. ಶನಿವಾರ, ಇಪ್ಪತ್ತೆರಡನೇ ತಾರೀಖು, ಮಧ್ಯಾಹ್ನ ಎರಡು ಹತ್ತರ ಪ್ಯಾಸೆಂಜರ್ ಗಾಡಿಗೆ ಸ್ಟೇಷನ್ನಿಗೆ ಬನ್ನಿ.